ತಂತಿ ಬದಲಿಸುವುದಿಲ್ಲ

ಹನ್ನೊಂದು ವರ್ಷವಾಯಿತು, ಈ ತಂತಿಗಳನ್ನು ಬದಲಿಸಿಲ್ಲ.
ಹಂಟರ್ ಸ್ಟ್ರೀಟಿನ ಅಂಗಡಿ ಹುಡುಗ
ಕಿವಿ ತಾಗಿಸಿ ಒಮ್ಮೆ ಮೀಟಿ ಮೂಗು ಮುರಿದ:
'ಸತ್ತಿವೆ ಇವು.'
ಸತ್ತಿಲ್ಲ ಕಣಪ್ಪಾ, ಮಾತು ಕಡಿಮೆ ಮಾಡಿವೆ.

ಹೊಸ ತಂತಿಗೆ ಹೊಸ ಬೂಟು ತೊಟ್ಟವನ ಜಂಭ,
ಹೆಜ್ಜೆ ಹೆಜ್ಜೆಗೂ ಕಿರುಗುಟ್ಟುತ್ತದೆ.
ನನಗೆ ಬೇಕಾದದ್ದು
ಬೆವರು, ಜಿಡ್ಡು, ಬಿಯರಿನ ಆವಿ ಕುಡಿದು ಕುಡಿದು
ಮಿಂಚುವ ಚಟ ಬಿಟ್ಟ ನಿಕ್ಕಲ್ಲು;
ಮೀಟಿದರೆ ಧಪ್ಪೆಂದು ಬಿದ್ದು
ಬಿದ್ದಲ್ಲೇ ಕೂತುಬಿಡುವ ಸ್ವರ,
ಹಿಟ್ಟಿನ ಮೂಟೆಯ ಹಾಗೆ.

ನನ್ನ ಬೇಸ್ ಗಿಟಾರು ಎಪ್ಪತ್ತೆಂಟರ ಜಪಾನಿ ನಕಲು.
ತಲೆಯ ಮೇಲಿನ ಹೆಸರು ನಾನು ಕೊಳ್ಳುವ ಮೊದಲೇ ಉದುರಿತ್ತು.
ತೂಕ ಐದು ಕಿಲೋ. ಎಡಭುಜ ಬಲಕ್ಕಿಂತ ಅರ್ಧ ಇಂಚು ಕೆಳಗೆ,
ಕಂಡುಹಿಡಿದದ್ದು ದರ್ಜಿ, ಹೆಂಡತಿಯಲ್ಲ.
ಆಂಪ್ಲಿಫೈಯರ್ ಎತ್ತುವಾಗಲೆಲ್ಲ
ಕೊಳಲು ಕಲಿಯಬಾರದಿತ್ತೇ ಎಂದು ಬೈದುಕೊಳ್ಳುತ್ತೇನೆ.
ಪೆಡಲ್ ಒಂದೂ ಇಲ್ಲ. ಇದ್ದವು, ಏಳು.
ಮೂರು ವರ್ಷ ಬರೀ ಪಾದದಲ್ಲೇ ನುಡಿಸಿ,
ಆಮೇಲೆ ಮಾರಿ ವಾಷಿಂಗ್ ಮೆಷಿನ್ ತಂದೆವು.
ಬಟ್ಟೆ ಹಿಂಡುವಾಗ ಅದು ಹೊರಡಿಸುವ ಎ ಫ್ಲಾಟ್
ಆ ಏಳರಲ್ಲಿ ಒಂದಕ್ಕೂ ಬರುತ್ತಿರಲಿಲ್ಲ.

ನೆಚ್ಚಿನ ವಾದಕರು ಯಾರು ಎನ್ನುತ್ತೀರಿ.
ದೊಡ್ಡ ಹೆಸರಿಗೆಂದು ಪೆನ್ನು ತೆಗೆಯಬೇಡಿ.
ಒಬ್ಬ, ವಾಲ್ಸೆಂಡಿನ ಮೆರ್ವ್ ಸ್ಟಾಕ್‌ಡೇಲ್:
ಉಕ್ಕಿನ ಕಾರ್ಖಾನೆಗೆ ಎರಡು ಬೆರಳು ಕೊಟ್ಟು ಬಂದು
ಉಳಿದವಕ್ಕೆ ಓವರ್‌ಟೈಮ್ ಹಾಕಿದವನು.
ಇನ್ನೊಬ್ಬನ ಹೆಸರು ನನಗೂ ಗೊತ್ತಿಲ್ಲ,
ಹಳೆಯ ಕ್ಯಾಸೆಟ್ಟೊಂದರ ಬಿ ಬದಿಯಲ್ಲಿದ್ದಾನೆ.
ಕವರಿನಲ್ಲಿ ಹಾಡುಗಾರನ ನಾಯಿಗೂ ಕೃತಜ್ಞತೆಯಿದೆ,
ಇವನಿಗಿಲ್ಲ.

ಮೂರನೆಯವಳು ವೆರ್ನಾ ಪಿಕೆಟ್.
ನಲವತ್ತು ವರ್ಷದ ಶನಿವಾರಗಳು, ಅದೇ ಕ್ಲಬ್ಬು, ಅದೇ ಮೂಲೆ.
ನಗುತ್ತಿರಲಿಲ್ಲ. ಚೂಯಿಂಗ್ ಗಮ್ ಮಾತ್ರ ತಾಳ ಬಿಟ್ಟು ಅಗಿಯುತ್ತಿದ್ದಳು.
'ಬೇಗ ಬಂದರೆ ಡ್ರಮ್ಮರನಿಗೆ ಸಿಟ್ಟು,
ತಡವಾದರೆ ಕುಣಿಯುವವರು ಮುಗ್ಗರಿಸುತ್ತಾರೆ.'
ಮತ್ತೆ ನಾನೇನು ಮಾಡಲಿ?
'ಒಂದು ಕೂದಲು ತಡವಾಗು. ಮುಗ್ಗರಿಸಲಿ, ಒಬ್ಬರ ಮೇಲೊಬ್ಬರು.
ಈ ಊರಲ್ಲಿ ಮದುವೆಗಳು ಹೇಗಾದವು ಅಂದುಕೊಂಡೆ?'
ಬೆರಳು ಗಂಟು ಕಟ್ಟಿದ ವರ್ಷ ಬೇಸ್ ಮಾರಿದಳು.
ಮಾರುವ ಮುನ್ನ ತಂತಿ ನಾಲ್ಕನ್ನೂ ಬಿಚ್ಚಿ
ಬಿಸ್ಕತ್ತಿನ ಡಬ್ಬದಲ್ಲಿ ಸುರುಳಿ ಸುತ್ತಿ ನನಗೆ ಕೊಟ್ಟಳು.

ಕಳೆದ ಗುರುವಾರ, ಕ್ಯಾರಿಂಗ್ಟನ್ ಪಬ್ಬಿನಲ್ಲಿ,
ಎರಡನೆಯ ಸರದಿಯ ಮೂರನೆಯ ಹಾಡಿಗೆ
ನನ್ನ ಆಂಪಿನ ಫ್ಯೂಸು ಹಾರಿತು.
ಯಾರೂ ನನ್ನತ್ತ ನೋಡಲಿಲ್ಲ.
ನೋಡಿಕೊಂಡದ್ದು ತಂತಮ್ಮ ಕಾಲು,
ಚಪ್ಪಲಿಗೇನೋ ಸಿಕ್ಕಿಕೊಂಡಂತೆ.
ಹಾಡುಗಾರ ಪಾಪ ಕಣ್ಮುಚ್ಚಿ ಹಾಡುತ್ತಲೇ ಇದ್ದ
ಕಾಲಡಿಯ ಹಾಸುಗಲ್ಲು ಯಾರೋ ಎಳೆದದ್ದು ತಿಳಿಯದೆ.

ಕಿಟಕಿ ಬದಿಯ ಮೇಜಿನಲ್ಲಿ ವೆರ್ನಾ ತಲೆ ಎತ್ತಿದಳು.
ಎಂಬತ್ತಮೂರು. ಕಿವಿ ಪೂರ್ತಿ ಹೋಗಿದೆ, ಯಂತ್ರ ಕೈಚೀಲದಲ್ಲಿ.
ಅಂಗೈ ಮೇಜಿನ ಮೇಲೆ ಬೋರಲು.
ಗುರುವಾರ ಗುರುವಾರ ಅವಳು ಕೇಳುವುದು ಹಾಗೆ:
ಹಾಡಿಲ್ಲ, ಗಿಟಾರಿಲ್ಲ, ಚಪ್ಪಾಳೆಯೂ ಇಲ್ಲ,
ನೆಲದ ಹಲಗೆ ಹಿಡಿದು, ಮೇಜಿನ ಕಾಲು ಹತ್ತಿ ಬರುವುದು
ಈ ಸತ್ತ ತಂತಿಗಳು ಮಾತ್ರ.

ನಾನು ಆಂಪಿನ ಹಿಂದೆ ಮಂಡಿಯೂರಿ ತಡಕಾಡುತ್ತಿದ್ದಾಗ
ಬಂದರಿನಲ್ಲಿ ಕಲ್ಲಿದ್ದಲ ಹಡಗೊಂದು ಕೂಗಿತು.
ಅವಳ ಬೆರಳು ಅಲುಗಿದವು.
ನಾನಲ್ಲವೆಂದು ಗೊತ್ತಾಗಿ ಮತ್ತೆ ಸುಮ್ಮನಾದವು.
ಕೈ ತೆಗೆಯಲಿಲ್ಲ.

ಹೊಸ ಫ್ಯೂಸು ಸಿಕ್ಕಿತು, ಕೆಂಪು ದೀಪ ಹತ್ತಿತು.
ಇ ತಂತಿ ಮೀಟಿದೆ.
ಇಷ್ಟು ದೊಡ್ಡ ಮೂಟೆಯನ್ನು ಅಷ್ಟು ಮೆಲ್ಲಗೆ
ನಾನು ಎಂದೂ ಇಳಿಸಿರಲಿಲ್ಲ.
ವೆರ್ನಾ ಹುಬ್ಬು ಗಂಟಿಕ್ಕಿ
ಎಲ್ಲರಿಗೂ ಕಾಣುವ ಹಾಗೆ ಹೆಬ್ಬೆರಳು ಕೆಳಕ್ಕೆ ಮಾಡಿದಳು:
ಶ್ರುತಿ ಇಳಿದಿದೆ.

ಇಳಿದಿತ್ತು.